ಸ್ಟಾಫರ್ಡ್‌ಷೈರ್ ನಾಯಿಮರಿಯ ಸಾಕಣೆ

ಇಂಗ್ಲೆಂಡಿನ ಮಧ್ಯಭಾಗದಲ್ಲಿ ಸ್ಟಾಫರ್ಡ್‌ಷೈರ್ ಎಂಬ ಪ್ರಾಂತವಿದೆ. ಅದಕ್ಕೆ ಹೊಂದಿಕೊಂಡ ‘ಬ್ಲ್ಯಾಕ್ ಕಂಟ್ರಿ’ ಎಂಬ ಪ್ರದೇಶವು ಹತ್ತೊಂಬತ್ತನೆಯ ಶತಮಾನದಲ್ಲಿ ಕಲ್ಲಿದ್ದಲಿನ ಗಣಿಗಳಿಗೂ ಕಬ್ಬಿಣದ ಕುಲುಮೆಗಳಿಗೂ ಹೆಸರಾಗಿತ್ತು. ಅಲ್ಲಿಯ ಗಣಿಕೆಲಸಗಾರರೂ ಸರಪಳಿ ಮಾಡುವ ಕಮ್ಮಾರರೂ ತಮ್ಮ ಮನೆಗಳಲ್ಲಿ ಸಾಕುತ್ತಿದ್ದ ಗಿಡ್ಡನೆಯ, ಗಟ್ಟಿಮುಟ್ಟಾದ ನಾಯಿಯೇ ಸ್ಟಾಫರ್ಡ್‌ಷೈರ್ ಬುಲ್ ಟೆರಿಯರ್.

ಈ ತಳಿಯ ಪೂರ್ವಚರಿತ್ರೆ ಕ್ರೌರ್ಯದಿಂದ ಕೂಡಿದುದು. ಗೂಳಿಯನ್ನು ಗೂಟಕ್ಕೆ ಕಟ್ಟಿ ಅದರ ಮೇಲೆ ನಾಯಿಗಳನ್ನು ಬಿಡುವುದು ಹಿಂದೆ ಆ ನಾಡಿನಲ್ಲಿ ಒಂದು ವಿನೋದವಾಗಿತ್ತು. 1835ರಲ್ಲಿ ಬ್ರಿಟಿಷ್ ಸಂಸತ್ತು ಕಾಯಿದೆಯ ಮೂಲಕ ಅದನ್ನು ನಿಷೇಧಿಸಿತು. ಆದರೂ ನಾಯಿಗಳ ಕಾಳಗ ಗುಟ್ಟಾಗಿ ಮುಂದುವರಿಯಿತು. ಬುಲ್‌ಡಾಗಿನ ಬಲ, ಟೆರಿಯರಿನ ಚುರುಕು ಇವೆರಡನ್ನೂ ಕೂಡಿಸಿ ಬೆಳೆಸಿದ ತಳಿಯಿದು. 1935ರಲ್ಲಿ ಅಲ್ಲಿಯ ಕೆನಲ್ ಕ್ಲಬ್ ಇದಕ್ಕೆ ಮನ್ನಣೆ ನೀಡಿತು. ಕಾಳಗದ ಕಣದಿಂದ ಮನೆಯಂಗಳಕ್ಕೆ ಬಂದ ಈ ಪ್ರಾಣಿಯು ಮನುಷ್ಯರಲ್ಲಿ ಅಪಾರ ವಿಶ್ವಾಸವುಳ್ಳದ್ದು. ಆದರೆ ಅದರ ಬಲವಾಗಲಿ ಹಠವಾಗಲಿ ಕುಂದಿಲ್ಲ. ಆ ಬಲವು ಯಾವ ದಾರಿ ಹಿಡಿಯಬೇಕೆಂಬುದು ಸಾಕುವವನ ಹೊಣೆ.

ಬೆಳೆದ ಗಂಡುನಾಯಿಯ ತೂಕ ಸುಮಾರು 13ರಿಂದ 17 ಕಿಲೋಗ್ರಾಂ. ಎತ್ತರ 36ರಿಂದ 41 ಸೆಂಟಿಮೀಟರ್. ಗಾತ್ರ ಚಿಕ್ಕದಾದರೂ ಮೈಯೆಲ್ಲ ಮಾಂಸಖಂಡ. ಆದುದರಿಂದ ಮರಿಯ ಆಹಾರದಲ್ಲಿ ಸಸಾರಜನಕ ಧಾರಾಳವಾಗಿರಬೇಕು. ಸುಣ್ಣ ಮತ್ತು ರಂಜಕಗಳು ತಕ್ಕ ಪ್ರಮಾಣದಲ್ಲಿರಬೇಕು. ಮೂಳೆ ಗಟ್ಟಿಯಾಗಲೆಂದು ಸುಣ್ಣದ ಪುಡಿಯನ್ನು ಹೆಚ್ಚಾಗಿ ಬೆರೆಸಿದರೆ ಮೂಳೆಯ ಬೆಳವಣಿಗೆಗೇ ಕೆಡುಕು. ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಅಗಲಿಸಬಾರದು. ಮನೆಗೆ ಬಂದ ಮೇಲೆ ದಿನಕ್ಕೆ ನಾಲ್ಕು ಬಾರಿ ಸ್ವಲ್ಪ ಸ್ವಲ್ಪವಾಗಿ ಉಣಿಸಬೇಕು. ನಾಲ್ಕು ತಿಂಗಳ ಹೊತ್ತಿಗೆ ಮೂರು ಊಟ, ಆರು ತಿಂಗಳ ಬಳಿಕ ಎರಡು ಊಟ ಸಾಕು. ಆಹಾರವನ್ನು ಬದಲಾಯಿಸಬೇಕಾದರೆ ಒಂದು ವಾರದ ಅವಧಿಯಲ್ಲಿ ಕ್ರಮೇಣ ಬದಲಾಯಿಸಬೇಕು. ಇಲ್ಲವಾದರೆ ಹೊಟ್ಟೆ ಕೆಡುತ್ತದೆ. ಶುದ್ಧವಾದ ನೀರು ಸದಾ ಬಳಿಯಲ್ಲಿರಬೇಕು.

ಈ ನಾಯಿ ಹೊಟ್ಟೆಬಾಕ. ಅದು ಬೇಡಿದಾಗಲೆಲ್ಲ ಕೊಟ್ಟರೆ ಬೊಜ್ಜು ಬೆಳೆದು ಕೀಲುಗಳು ಸೋಲುತ್ತವೆ. ಪಕ್ಕೆಯ ಮೇಲೆ ಕೈಯಾಡಿಸಿದಾಗ ಎಲುಬುಗಳು ಕೈಗೆ ತಿಳಿಯಬೇಕು, ಆದರೆ ಕಣ್ಣಿಗೆ ಎದ್ದು ಕಾಣಬಾರದು. ಅದೇ ಸರಿಯಾದ ತೂಕದ ಗುರುತು. ಚಾಕೊಲೇಟು, ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ ಇವು ನಾಯಿಗೆ ವಿಷ. ಬೇಯಿಸಿದ ಮೂಳೆ ಸೀಳಿ ಗಂಟಲಿಗೋ ಕರುಳಿಗೋ ಚುಚ್ಚಬಹುದು.

ಊಟದಷ್ಟೇ ಮುಖ್ಯವಾದುದು ವ್ಯಾಯಾಮ. ಎಳೆಯ ಮೂಳೆ ಬಲಿಯುವವರೆಗೆ ದೂರದ ಓಟ ಬೇಡ. ದಿನಕ್ಕೆ ಹಲವು ಬಾರಿ ಸ್ವಲ್ಪ ಹೊತ್ತಿನ ಆಟ ಸಾಕು. ಬೆಳೆದ ನಾಯಿಗಾದರೋ ದಿನಕ್ಕೆ ಒಂದು ಗಂಟೆಯಾದರೂ ನಡಿಗೆ, ಓಟ ಬೇಕು. ಶಕ್ತಿ ವ್ಯಯವಾಗದ ನಾಯಿ ಬಾಗಿಲನ್ನು ಕೆರೆಯುತ್ತದೆ, ಪಾದರಕ್ಷೆಯನ್ನು ಹರಿಯುತ್ತದೆ. ಅದು ದುಷ್ಟತನವಲ್ಲ, ಬೇಸರ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಮೂಡುವ ನಾಲ್ಕರಿಂದ ಆರನೆಯ ತಿಂಗಳಲ್ಲಿ ಅಗಿಯಲು ಗಟ್ಟಿ ರಬ್ಬರಿನ ಆಟಿಕೆ ಕೊಡಬೇಕು. ನಾಯಿಯು ಮುಖ್ಯವಾಗಿ ಏದುಸಿರಿನಿಂದಲೇ ಮೈಯ ಬಿಸಿಯನ್ನು ಹೊರಹಾಕುತ್ತದೆ. ಈ ತಳಿಯ ಮೂತಿ ಮೋಟು. ಆದುದರಿಂದ ಬೇಸಿಗೆಯಲ್ಲಿ ಬೆಳಗಿನ ಅಥವಾ ಸಂಜೆಯ ತಂಪಿನಲ್ಲಿಯೇ ಅದನ್ನು ಓಡಾಡಿಸಬೇಕು.

ಮೂರರಿಂದ ಹದಿನಾಲ್ಕು ವಾರಗಳ ವಯಸ್ಸು ಕಲಿಕೆಗೆ ಹದವಾದ ಕಾಲ. ಆಗ ಮರಿಗೆ ಹೊಸ ಜನರ, ಹೊಸ ಸದ್ದುಗಳ, ಸೌಮ್ಯವಾದ ಇತರ ನಾಯಿಗಳ ಪರಿಚಯವಾಗಬೇಕು. ಆಟದಲ್ಲಿ ಕಚ್ಚಿದರೆ ಹೊಡೆಯಕೂಡದು. ಒಡನೆಯೇ ಆಟವನ್ನು ನಿಲ್ಲಿಸಬೇಕು. ಕಚ್ಚಿದರೆ ಆಟ ಮುಗಿಯಿತೆಂಬುದನ್ನು ಮರಿ ಬೇಗನೆ ಅರಿಯುತ್ತದೆ. ಹೊಡೆತವು ಕಲಿಸುವುದು ಭಯವನ್ನು. ಭಯಗೊಂಡ ನಾಯಿಯೇ ಅಪಾಯಕಾರಿ. ಎಷ್ಟೇ ಸಾಧುವಾದ ನಾಯಿಯಾದರೂ ಚಿಕ್ಕ ಮಗುವಿನೊಡನೆ ಅದನ್ನು ಒಂಟಿಯಾಗಿ ಬಿಡಬಾರದು.

ಬ್ರಿಟನ್ನಿನ 1991ರ ಅಪಾಯಕಾರಿ ನಾಯಿಗಳ ಕಾಯಿದೆಯು ಕೆಲವು ಬಗೆಯ ನಾಯಿಗಳನ್ನು ನಿಷೇಧಿಸಿತು. ಆ ಪಟ್ಟಿಯಲ್ಲಿ ಸ್ಟಾಫರ್ಡ್‌ಷೈರ್ ಬುಲ್ ಟೆರಿಯರ್ ಸೇರಿಲ್ಲ. ಆದರೆ ಯಾವ ತಳಿಯ ನಾಯಿಯೇ ಆಗಲಿ, ಹತೋಟಿ ಮೀರಿ ಅಪಾಯ ಒಡ್ಡಿದರೆ ಒಡೆಯನು ಶಿಕ್ಷೆಗೆ ಗುರಿಯಾಗುತ್ತಾನೆ. ಮರಿಯ ಮುದ್ದುಮುಖಕ್ಕೆ ಮರುಳಾಗಿ ಕೊಂಡು, ಅದರ ಚಟುವಟಿಕೆಯನ್ನು ತಾಳಲಾರದೆ ಕೈಬಿಟ್ಟವರು ಅನೇಕರು. ಇದರಿಂದಾಗಿ ಅಲ್ಲಿಯ ಪ್ರಾಣಿಪಾಲನಾ ಕೇಂದ್ರಗಳಲ್ಲಿ ಈ ತಳಿಯ ನಾಯಿಗಳು ಬಹುಸಂಖ್ಯೆಯಲ್ಲಿ ಆಶ್ರಯ ಪಡೆದಿವೆ.

ನಾಯಿಯು ಹನ್ನೆರಡು ವರ್ಷಕ್ಕೂ ಮಿಗಿಲಾಗಿ ಬಾಳಬಲ್ಲ ಜೀವ. ಅದನ್ನು ಮನೆಗೆ ತರುವವನು ಅಷ್ಟು ವರ್ಷಗಳ ಅನ್ನ, ಸಮಯ, ಸಹನೆಗಳನ್ನು ಕೊಡಲು ಸಿದ್ಧನಾಗಿರಬೇಕು. ಒಂದು ಕಾಲದಲ್ಲಿ ಮನುಷ್ಯನು ಈ ಪ್ರಾಣಿಗೆ ಕಾದಾಡುವುದನ್ನು ಕಲಿಸಿದನು. ಈಗ ಸೌಮ್ಯವಾಗಿ ಬಾಳುವುದನ್ನು ಕಲಿಸಬೇಕಾದವನೂ ಅವನೇ.