ಜೀವಚಕ್ರದಲ್ಲಿ ಅಜ್ಜಿಯ ಸ್ಥಾನ

'ಜಿಂಕೆ' ಎಂದೊಡನೆ ನಿಮ್ಮ ಮನಸ್ಸಿಗೆ ಬರುವ ಚಿತ್ರ ಯಾವುದು? ಬೆಳೆದು ನಿಂತ ಜಿಂಕೆಯದೇ ಅಲ್ಲವೇ? ತಾಯ ಗರ್ಭದೊಳಗಿನ ಮರಿಯಾಗಲಿ, ಮುಪ್ಪಾಗಿ ಹಿಂಡಿನ ಹಿಂದೆ ಉಳಿದುದಾಗಲಿ ನೆನಪಿಗೆ ಬರುವುದಿಲ್ಲ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಜೀವವಿಜ್ಞಾನಿ ಜಾನ್ ಟೈಲರ್ ಬಾನರ್ (1920–2019) ಈ ಅಭ್ಯಾಸವನ್ನೇ ಪ್ರಶ್ನಿಸಿದರು. ಜೀವಚಕ್ರಗಳನ್ನು ಕುರಿತು ಅವರು 1993ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅವರ ಪ್ರಕಾರ ಪ್ರಾಣಿಯೆಂದರೆ ಬೆಳೆದ ದೇಹ ಮಾತ್ರವಲ್ಲ. ಒಂದೇ ಜೀವಕೋಶವಾಗಿ ಆರಂಭವಾಗುವ ಗಳಿಗೆಯಿಂದ ಹಿಡಿದು ಇಡೀ ಸುತ್ತೇ ಆ ಪ್ರಾಣಿ. ವಿಕಾಸದಲ್ಲಿ ಬದಲಾಗುತ್ತ ಬಂದಿರುವುದೂ ಈ ಸುತ್ತೇ.

ಬಾನರ್ ಜೀವಮಾನವಿಡೀ ಅಭ್ಯಾಸ ಮಾಡಿದ್ದು ಮಣ್ಣಿನಲ್ಲಿರುವ 'ಸ್ಲೈಮ್ ಮೋಲ್ಡ್' ಎಂಬ ಅತಿ ಸಣ್ಣ ಜೀವಿಯನ್ನು. ಆಹಾರವಿರುವಷ್ಟು ಕಾಲ ಅದರ ಕೋಶಗಳು ಬ್ಯಾಕ್ಟೀರಿಯಾಗಳನ್ನು ತಿನ್ನುತ್ತ ಬಿಡಿಬಿಡಿಯಾಗಿ ಬಾಳುತ್ತವೆ. ಆಹಾರ ಮುಗಿದಾಗ ಒಂದು ರಾಸಾಯನಿಕದ ಕರೆಗೆ ಓಗೊಟ್ಟು ಸಾವಿರಾರು ಕೋಶಗಳು ಒಟ್ಟುಗೂಡಿ, ಒಂದೇ ಹುಳುವಿನಂತೆ ಬೆಳಕಿನ ಕಡೆಗೆ ತೆವಳುತ್ತವೆ. ಕೊನೆಗೆ ಸುಮಾರು ಐದರಲ್ಲೊಂದು ಪಾಲು ಕೋಶಗಳು ದಂಟಾಗಿ ಸಾಯುತ್ತವೆ. ಉಳಿದವು ಆ ದಂಟಿನ ತುದಿಯಲ್ಲಿ ಬೀಜಾಣುಗಳಾಗಿ ಹೊಸ ಬದುಕಿಗೆ ಕಾಯುತ್ತವೆ.

ಇದನ್ನು ಓದಿದ ಯಾವ ಗುರುವಿಗೂ ಭಾನುವಾರದ ಪ್ರಬೋಧನೆ ಸಿದ್ಧವಾಯಿತೆಂದು ಅನಿಸಬಹುದು! ನೆಲಕ್ಕೆ ಬಿದ್ದು ಸಾಯುವ ಗೋಧಿಯ ಕಾಳನ್ನು ಪ್ರಭು ಯೇಸು ಹೇಳಿಲ್ಲವೇ? ಆದರೆ ಅವಸರ ಬೇಡ. ದಂಟಾದ ಕೋಶಕ್ಕೆ ಪ್ರೀತಿಯೂ ಇಲ್ಲ, ಆಯ್ಕೆಯೂ ಇಲ್ಲ. ಶಿಲುಬೆಯ ಬಲಿ ಮನಸಾರೆ ಕೊಟ್ಟದ್ದು.

ಮಕ್ಕಳು ಶಾಲೆಯಲ್ಲಿ ವಿಕಾಸವಾದ ಕಲಿತರೆ ವಿಶ್ವಾಸ ಕೆಡುವುದೆಂದು ಕೆಲವು ತಂದೆತಾಯಿಯರು ಅಂಜುತ್ತಾರೆ. ಅಂಜಬೇಕಾಗಿಲ್ಲ. ಮಾನವ ದೇಹದ ಉಗಮವನ್ನು ಕುರಿತು ಸಂಶೋಧನೆ ನಡೆಯಬಹುದೆಂದು ಜಗದ್ಗುರು ಹನ್ನೆರಡನೇ ಪಿಯುಸ್ 1950ರಲ್ಲೇ ಒಪ್ಪಿದರು. ಆತ್ಮವನ್ನು ಮಾತ್ರ ದೇವರೇ ನೇರವಾಗಿ ಸೃಷ್ಟಿಸುತ್ತಾರೆಂದು ಬೋಧಿಸಿದರು. ವಿಕಾಸವಾದವು ಬರೀ ಊಹೆಗಿಂತ ಹೆಚ್ಚಿನದೆಂದು ಎರಡನೇ ಜಾನ್ ಪೌಲರು 1996ರಲ್ಲಿ ಹೇಳಿದರು.

ನಾವು ಎಚ್ಚರವಹಿಸಬೇಕಾದ ಜಾಗ ಬೇರೆ. ಸಂತಾನ ಪಡೆಯುವ ವಯಸ್ಸು ದಾಟಿದ ಮೇಲೆ ನಿಸರ್ಗದ ಆಯ್ಕೆಯ ಹಿಡಿತ ಸಡಿಲವಾಗುತ್ತದೆಂದು ಜೀವವಿಜ್ಞಾನಿಗಳು ವಿವರಿಸುತ್ತಾರೆ. ಮೊಮ್ಮಕ್ಕಳನ್ನು ಸಾಕುವುದರಿಂದ ಅಜ್ಜಿಯರು ಕುಲಕ್ಕೆ ಉಪಕಾರಿಗಳೆಂದು ವಾದಿಸುವವರೂ ಇದ್ದಾರೆ. ಸರಿ. ಆದರೆ ಮೊಮ್ಮಕ್ಕಳ ಗುರುತೇ ಸಿಗದ ಅಜ್ಜಿ? ಆಕೆಯ ಬೆಲೆಯೇನೆಂಬ ಪ್ರಶ್ನೆಗೆ ಜೀವವಿಜ್ಞಾನದಲ್ಲಿ ಉತ್ತರವಿಲ್ಲ. ಅದು ಆ ಶಾಸ್ತ್ರದ ತಪ್ಪಲ್ಲ. ಬೆಲೆ ಕಟ್ಟುವುದು ಅದರ ಕೆಲಸವೇ ಅಲ್ಲ. ಅದರ ಮೌನವನ್ನೇ ತೀರ್ಪೆಂದು ತಿಳಿದು, ದುಡಿಯುವವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವವರು ನಾವು.

ರೋಗಿಗಳಿಗೆ ಪರಮಪ್ರಸಾದ ಒಯ್ದಾಗ ಕೆಲವು ಮನೆಗಳಲ್ಲಿ ಮೊದಲು ಗೋಡೆಯ ಮೇಲಿನ ಫೋಟೋ ತೋರಿಸುತ್ತಾರೆ: "ಫಾದರ್, ಅಮ್ಮ ಆಗ ಹೇಗಿದ್ದರು ನೋಡಿ!" ಪ್ರೀತಿಯಿಂದಲೇ ಹೇಳುವ ಮಾತು. ಆದರೂ ಫೋಟೋದಲ್ಲಿರುವವರೇ ನಿಜವಾದ ಅಮ್ಮ, ಹಾಸಿಗೆಯಲ್ಲಿರುವವರು ಅವರ ಉಳಿಕೆ ಎಂಬಂತೆ ಕೇಳಿಸುತ್ತದೆ. ಬೆಳೆದ ಜಿಂಕೆಯನ್ನಷ್ಟೇ ಜಿಂಕೆ ಎಂದಂತೆ.

ಧರ್ಮಸಭೆಯ ಪಂಚಾಂಗ ನೋಡಿ. ಮಾರ್ಚ್ 25ರಂದು ಮಾತೆ ಮರಿಯಳ ಗರ್ಭದಲ್ಲಿ ಯೇಸು ಮನುಷ್ಯರಾದುದನ್ನು ಸ್ಮರಿಸುತ್ತೇವೆ, ಸರಿಯಾಗಿ ಒಂಬತ್ತು ತಿಂಗಳಿಗೆ ಕ್ರಿಸ್ಮಸ್. ನಲವತ್ತನೆಯ ದಿನ, ಫೆಬ್ರವರಿ 2ರಂದು, ಬಾಲಯೇಸುವನ್ನು ದೇವಾಲಯದಲ್ಲಿ ಸಮರ್ಪಿಸಿದ ಹಬ್ಬ. ಅಲ್ಲಿ ಆ ಕೂಸನ್ನು ಗುರುತಿಸಿದವರು ಯಾಜಕರಲ್ಲ, ಪಂಡಿತರಲ್ಲ. ಸಾವನ್ನು ಎದುರು ನೋಡುತ್ತಿದ್ದ ಸಿಮೆಯೋನ, ಮತ್ತು ಎಂಬತ್ತನಾಲ್ಕರ ವಿಧವೆ ಅನ್ನ.