ಫಿರಂಗಿಗೆ ಕಾಲು ಬಂದ ಕಥೆ

ಮಕ್ಕಳೇ, ನಿಜ್ವಾ ಕೋಟೆ ನೋಡಿದ್ದೀರಲ್ಲ? ಮುಂದಿನ ಸಲ ಹೋದಾಗ ಅಲ್ಲಿರುವ ಹಳೆಯ ಫಿರಂಗಿಯ ಪಕ್ಕ ಫೋಟೋ ತೆಗೆಸಿಕೊಂಡು ಓಡಿಬಿಡಬೇಡಿ. ಒಂದು ನಿಮಿಷ ನಿಂತು ಯೋಚಿಸಿ: ಇಷ್ಟು ಭಾರದ ವಸ್ತುವನ್ನು ಊರಿಂದ ಊರಿಗೆ ಹೇಗೆ ಸಾಗಿಸುತ್ತಿದ್ದರು?

ಕೋಟೆಯ ಮೇಲಿನ ಫಿರಂಗಿಗೆ ಆ ಚಿಂತೆ ಇಲ್ಲ. ಶತ್ರುವೇ ಅದರ ಎದುರಿಗೆ ಬರುತ್ತಾನೆ. ಬಯಲಿನ ಯುದ್ಧದಲ್ಲಿ ಹಾಗಲ್ಲ. ಶತ್ರು ಇರುವ ಕಡೆಗೆ ಫಿರಂಗಿಯೇ ಹೋಗಬೇಕು. ಎಷ್ಟೇ ದೊಡ್ಡ ಗುಂಡು ಹಾರಿಸಿದರೂ, ಬೇಕಾದ ಹೊತ್ತಿಗೆ ತಲುಪದಿದ್ದರೆ ಅದು ಬರೀ ಲೋಹದ ಕೊಳವೆ, ಅಷ್ಟೇ.

ಮೈಸೂರಿನ ಉತ್ತರ

ನಮ್ಮ ಮೈಸೂರು ಸಂಸ್ಥಾನ ಇದಕ್ಕೆ ಕಂಡುಕೊಂಡ ಉತ್ತರ ಎತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1672–1704) ಅರಮನೆಗೆ ಹಾಲು, ಬೆಣ್ಣೆ ಒದಗಿಸಲು 'ಬೆಣ್ಣೆ ಚಾವಡಿ' ಎಂಬ ಇಲಾಖೆ ಇತ್ತು. ಅದರ ದನಗಳು ಮೇಯಲು ಬೇರೆ ಬೇರೆ ಕಡೆ ಹುಲ್ಲುಗಾವಲುಗಳನ್ನು ಮೀಸಲಿಟ್ಟಿದ್ದರು. ಇವೇ 'ಕಾವಲು'ಗಳು. ಹೈದರಾಲಿ ಈ ಎತ್ತುಗಳನ್ನು ಫಿರಂಗಿ ಎಳೆಯಲು ಬಳಸಿದ. ಟಿಪ್ಪು ಸುಲ್ತಾನ್ ಇಲಾಖೆಗೆ 'ಅಮೃತ ಮಹಲ್' ಎಂದು ಹೆಸರಿಟ್ಟು, ಅದನ್ನು ನಡೆಸಲು ನಿಯಮಗಳನ್ನೂ ಬರೆಸಿದ. ಬೆಣ್ಣೆಗಾಗಿ ಶುರುವಾದದ್ದು ಸೇನೆಯ ಬೆನ್ನೆಲುಬಾಯಿತು!

ಈ ಎತ್ತುಗಳ ವೇಗ ಎಷ್ಟು ಗೊತ್ತಾ? ಹೈದರಾಲಿ ಚಿದಂಬರಂನ ನೆರವಿಗೆ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿದ. ಅಂದರೆ ಸುಮಾರು 160 ಕಿಲೋಮೀಟರು, ಹೆಚ್ಚುಕಡಿಮೆ ನಮ್ಮ ಮಸ್ಕತ್‌ನಿಂದ ನಿಜ್ವಾದಷ್ಟು ದೂರ. ನಾವು ಎ.ಸಿ. ಕಾರಿನಲ್ಲಿ ಕೂತು 'ಇನ್ನೂ ಎಷ್ಟು ದೂರ ಅಪ್ಪಾ?' ಅಂತ ಕೇಳುವ ದಾರಿ ಅದು. ಇಂಗ್ಲಿಷರು ಹಿಡಿದುಕೊಂಡಿದ್ದ ಬಿದನೂರನ್ನು (ಇಂದಿನ ಶಿವಮೊಗ್ಗ ಜಿಲ್ಲೆಯ ನಗರ) 1783ರಲ್ಲಿ ಮರಳಿ ಪಡೆಯಲು ಟಿಪ್ಪು ಒಂದೇ ತಿಂಗಳಲ್ಲಿ ದಕ್ಷಿಣ ಭಾರತವನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟಿದ. ಸೋತ ದಿನಗಳಲ್ಲೂ ಮೈಸೂರಿನವರು ಶತ್ರುವಿನ ಕಣ್ಣೆದುರೇ ಫಿರಂಗಿಗಳನ್ನು ಎಳೆದುಕೊಂಡು ಹೋಗಿಬಿಡುತ್ತಿದ್ದರು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ದನಗಳು ಇಂಗ್ಲಿಷರ ಕೈಸೇರಿದವು. ಅಲ್ಲಿ ಹೋರಾಡಿದ್ದ ಆರ್ಥರ್ ವೆಲ್ಲೆಸ್ಲಿ ಮುಂದೆ ಸ್ಪೇನ್‌ನಲ್ಲಿ ಯುದ್ಧ ಮಾಡುವಾಗ, ಆ ಎತ್ತುಗಳು ಇಲ್ಲಿರಬೇಕಿತ್ತು ಎಂದು ನೆನೆಸಿಕೊಂಡನಂತೆ.

ಸೋವಿಯತ್ ಉತ್ತರ

ಸುಮಾರು ನೂರೈವತ್ತು ವರ್ಷ ಮುಂದಕ್ಕೆ ಬನ್ನಿ. 1941ರ ಜೂನ್ 22ರಂದು ಜರ್ಮನಿಯ ಸೇನೆ ಸೋವಿಯತ್ ಒಕ್ಕೂಟದೊಳಗೆ ನುಗ್ಗಿತು. ಈಗ ಎದುರಿಗಿದ್ದದ್ದು ಉಕ್ಕಿನ ಟ್ಯಾಂಕು. ಅದನ್ನು ತಡೆಯುವ ಫಿರಂಗಿಯನ್ನು ಕುದುರೆಗಳೋ ಲಾರಿಗಳೋ ಎಳೆದು ತರಬೇಕು, ಬಿಚ್ಚಬೇಕು, ನೆಲಕ್ಕೆ ಊರಬೇಕು. ಅಷ್ಟರಲ್ಲಿ ಟ್ಯಾಂಕು ಬೇರೆ ಕಡೆ ಹೋಗಿರುತ್ತದೆ. ಹಳೇ ಪ್ರಶ್ನೆಯೇ, ಅಲ್ವಾ?

ಅದೇ ವರ್ಷ ಅವರು ಅವಸರದಲ್ಲಿ 57 ಮಿಲಿಮೀಟರ್ ಫಿರಂಗಿಯನ್ನು ಒಂದು ಸಣ್ಣ ಟ್ರ್ಯಾಕ್ಟರಿನ ಮೇಲೆ ಕೂರಿಸಿದರು. ಹೆಸರು ಜಿಸ್-30. ಫಿರಂಗಿ ಚೆನ್ನಾಗಿತ್ತು, ಆದರೆ ಟ್ರ್ಯಾಕ್ಟರು ಹಗುರ. ಗುಂಡು ಹಾರಿಸಿದಾಗಲೆಲ್ಲ ಗಾಡಿಯೇ ಓಲಾಡುತ್ತಿತ್ತು. ಒಳಗಿನ ಸೈನಿಕರಿಗೆ ಸರಿಯಾದ ಮರೆಯೂ ಇರಲಿಲ್ಲ. ಸುಮಾರು ನೂರು ಮಾತ್ರ ತಯಾರಾದವು.

1943ರಲ್ಲಿ ಸ್ವೆರ್ದ್ಲೋವ್ಸ್ಕ್ ನಗರದ ಉರಲ್‌ಮಾಶ್ ಕಾರ್ಖಾನೆಯಲ್ಲಿ ಎಸ್‌ಯು-85 ತಯಾರಾಯಿತು. ಟಿ-34 ಟ್ಯಾಂಕಿನ ಕೆಳಭಾಗ ಇಟ್ಟುಕೊಂಡು, ಮೇಲೆ ತಿರುಗುವ ಗೋಪುರವನ್ನು ಬಿಟ್ಟರು. ಮುಂದುಗಡೆ ದಪ್ಪ ಉಕ್ಕಿನ ಗೋಡೆ, ಅದರಲ್ಲಿ 85 ಮಿಲಿಮೀಟರ್ ಫಿರಂಗಿ. ಗೋಪುರ ಇಲ್ಲದ್ದರಿಂದ ದೊಡ್ಡ ಫಿರಂಗಿ ಹಿಡಿಸಿತು, ಕಟ್ಟುವ ಕೆಲಸವೂ ಸುಲಭವಾಯಿತು. ಆದರೆ ಕುತ್ತಿಗೆ ಹಿಡಿದುಕೊಂಡವರು ಪಕ್ಕಕ್ಕೆ ನೋಡಬೇಕಾದರೆ ಮೈಯನ್ನೇ ತಿರುಗಿಸುತ್ತಾರಲ್ಲ, ಇದರ ಪಾಡೂ ಹಾಗೇ! ಫಿರಂಗಿ ಸ್ವಲ್ಪ ಮಾತ್ರ ಅತ್ತಿತ್ತ ಆಡುತ್ತಿತ್ತು. ಜಾಸ್ತಿ ತಿರುಗಬೇಕಾದರೆ ಇಡೀ ವಾಹನವೇ ತಿರುಗಬೇಕಿತ್ತು. 1944ರಲ್ಲಿ 85 ಮಿಲಿಮೀಟರ್ ಫಿರಂಗಿ ಮಾಮೂಲಿ ಟ್ಯಾಂಕಿಗೂ ಬಂತು. ಆಗ ಅದೇ ವರ್ಷದ ಕೊನೆಯ ಹೊತ್ತಿಗೆ ಇನ್ನೂ ದೊಡ್ಡದಾದ 100 ಮಿಲಿಮೀಟರ್ ಫಿರಂಗಿಯ ಎಸ್‌ಯು-100 ಹೊರಬಂತು.

ಗಮನಿಸಿದಿರಾ? ಯಾವ ಉತ್ತರವೂ ಪುಕ್ಕಟೆ ಸಿಗಲಿಲ್ಲ. ಒಂದು ಪಡೆಯಲು ಇನ್ನೊಂದನ್ನು ಬಿಡಬೇಕಾಯಿತು. ಎಸ್‌ಯು-85 ಗೋಪುರ ಬಿಟ್ಟಿತು. ಅಮೃತ ಮಹಲ್ ಎತ್ತಿಗೆ ವೇಗವಿತ್ತು, ದಣಿಯದ ಮೈಯಿತ್ತು, ಆದರೆ ಆ ತಳಿಯ ಹಸು ಹಾಲು ಕೊಡುವುದು ಕಡಿಮೆ.

ಯುದ್ಧ ಮುಗಿದ ಮೇಲೆ

ಯುದ್ಧ ಆಟವಲ್ಲ, ಮಕ್ಕಳೇ. ಆ ಉಕ್ಕಿನ ಪೆಟ್ಟಿಗೆಯೊಳಗೆ ನಾಲ್ಕು ಜನ ಕೂತಿರುತ್ತಿದ್ದರು. ಅವರಲ್ಲಿ ಎಷ್ಟೋ ಜನ ಮನೆಗೆ ಮರಳಲಿಲ್ಲ. ಯಾರ ಯುದ್ಧ, ಯಾಕೆ ಅಂತ ಗೊತ್ತಿಲ್ಲದ ಎತ್ತುಗಳೂ ನೊಗದಲ್ಲೇ ಸತ್ತವು.

ಟ್ಯಾಂಕುಗಳು ಈಗ ವಸ್ತುಸಂಗ್ರಹಾಲಯದಲ್ಲಿ ನಿಂತಿವೆ. ಒರೆಸಿ ಬಣ್ಣ ಹಚ್ಚಿದರೆ ಸಾಕು, ಉಳಿಯುತ್ತವೆ. ಅಮೃತ ಮಹಲ್ ಹಾಗೆ ಉಳಿಯುವುದಿಲ್ಲ. ಬೂದು ಮೈ, ಹಿಂದಕ್ಕೆ ಬಾಗಿ ಮೇಲಕ್ಕೇಳುವ ಉದ್ದನೆಯ ಚೂಪು ಕೊಂಬಿನ ಈ ದನಗಳಿಗೆ ಮೇಯಲು ಹುಲ್ಲು ಬೇಕು, ಓಡಾಡಲು ಬಯಲು ಬೇಕು. ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿ ಸರ್ಕಾರದ ತಳಿ ಸಂವರ್ಧನಾ ಕೇಂದ್ರ ಇವನ್ನು ಇಂದಿಗೂ ಸಾಕುತ್ತಿದೆ. ಆದರೆ ಹಳೆಯ ಕಾವಲುಗಳು ಒಂದೊಂದಾಗಿ ಬೇರೆ ಕೆಲಸಗಳಿಗೆ ಹೋಗಿವೆ. ತಳಿಯೂ ಕಡಿಮೆಯಾಗುತ್ತಿದೆ. ಮೂರು ಶತಮಾನ ಜೋಪಾನ ಮಾಡಿದ್ದನ್ನು ಕಳೆದುಕೊಂಡರೆ ಯಾವ ಕಾರ್ಖಾನೆಯಲ್ಲೂ ಮತ್ತೆ ಮಾಡಿಸಲಾಗದು.

ನಿಮಗೊಂದು ಕೆಲಸ

1. ರಜೆಯಲ್ಲಿ ಊರಿಗೆ ಹೋದಾಗ ಅಜ್ಜ-ಅಜ್ಜಿಯನ್ನು ಕೇಳಿ: ಮನೆಯಲ್ಲಿ ಯಾವ ದನಗಳಿದ್ದವು? ಅವುಗಳ ಹೆಸರೇನು? ಬರೆದುಕೊಂಡು ಬನ್ನಿ.

2. ಅಪ್ಪ-ಅಮ್ಮನ ಜೊತೆ ಮಾತಾಡಿ: ಎತ್ತಿನ ಕೆಲಸ ಟ್ರ್ಯಾಕ್ಟರಿಗೆ ಹೋಯಿತು. ಹಾಗಾದರೆ ಎತ್ತಿನ ತಳಿಯನ್ನು ಯಾಕೆ ಉಳಿಸಬೇಕು? ನಿಮ್ಮ ಉತ್ತರವನ್ನು ಐದು ವಾಕ್ಯಗಳಲ್ಲಿ, ಕನ್ನಡದಲ್ಲೇ ಬರೆಯಿರಿ.