ಎಂಜಿನ್‌ನಲ್ಲಿ ಮಂಜುಗಡ್ಡೆ!

ಮಕ್ಕಳೇ, ಚುಚ್ಚುಮದ್ದಿಗೆ ಮೊದಲು ಸ್ಪಿರಿಟ್ ಹಚ್ಚಿದಾಗ ತೋಳು ತಣ್ಣಗಾಗುತ್ತದೆ ಅಲ್ಲವೇ? ದ್ರವವು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ.

ಅನೇಕ ಸಣ್ಣ ವಿಮಾನಗಳಲ್ಲಿ ಪೆಟ್ರೋಲ್ ಮತ್ತು ಗಾಳಿಯನ್ನು ಬೆರೆಸುವ ಭಾಗವೇ ಕಾರ್ಬುರೇಟರ್. ಪೆಟ್ರೋಲ್ ಆವಿಯಾಗುವಾಗ ಅದರ ಒಳಭಾಗ ಬಹಳ ತಣ್ಣಗಾಗುತ್ತದೆ. ಹೊರಗೆ 20 ಡಿಗ್ರಿ ಸೆಲ್ಸಿಯಸ್ ಇದ್ದರೂ, ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅಲ್ಲಿ ಮಂಜುಗಡ್ಡೆ ಕಟ್ಟಬಹುದು. ಆಗ ಗಾಳಿಯ ದಾರಿ ಕಿರಿದಾಗಿ ಎಂಜಿನ್ ನಡುಗುತ್ತದೆ. ಹಾರುತ್ತಿರುವಾಗಲೇ ನಿಂತುಹೋಗಲೂಬಹುದು!

ಇದಕ್ಕೆ ಪರಿಹಾರವೇನು? ಪೈಲಟ್ ಒಂದು ಗುಂಡಿಯನ್ನು ಎಳೆದು, ಹೊಗೆಕೊಳವೆಯ ಸುತ್ತ ಬಿಸಿಯಾದ ಗಾಳಿಯನ್ನು ಕಾರ್ಬುರೇಟರ್‌ಗೆ ಬಿಡುತ್ತಾರೆ. ಕರಗಿದ ನೀರು ಒಳಹೋಗುವುದರಿಂದ ಎಂಜಿನ್ ಮೊದಲು ಇನ್ನಷ್ಟು ನಡುಗಬಹುದು. ಗಾಬರಿಯಾಗಿ ಬಿಸಿಗಾಳಿಯನ್ನು ನಿಲ್ಲಿಸಬಾರದು. ಮಂಜುಗಡ್ಡೆ ಪೂರ್ತಿ ಕರಗಿದ ಮೇಲೆ ಎಂಜಿನ್ ಸರಾಗವಾಗಿ ಓಡುತ್ತದೆ.

ಯೋಚಿಸಿ: ಮಣ್ಣಿನ ಮಡಕೆಯ ನೀರು ತಂಪಾಗಿರುವುದೇಕೆ?